ಮಣ್ಣೂರ ಅಮೋಘಸಿದ್ದನ ಒಂಬತ್ತು ನಿಮಿಷ

ನಾನು ಆಳಂದಕ್ಕೆ ಕೆಲಸಕ್ಕೆ ಬಂದ ಎರಡನೆಯ ದಿನವೇ ಅಮೋಘಸಿದ್ದನನ್ನು ಪೊಲೀಸ್ ಠಾಣೆಯಿಂದ ನಿವೃತ್ತನಾದವನು, ಕಳ್ಳರ ಬಾಯಿ ಬಿಡಿಸುವುದರಲ್ಲಿ ಹೆಸರಾದವನು ಎಂದು ತಿಳಿದೆ. ಹಾಗೆ ತಿಳಿಯುವುದಕ್ಕೆ ಬುದ್ಧಿ ಸ್ವಲ್ಪ ಕಡಿಮೆ ಇರಬೇಕು. ನನಗೆ ಬೇಕಾದಷ್ಟು ಕಡಿಮೆ ಇತ್ತು. ಆದರೆ ಕಿವಿ ನೆಟ್ಟಗಿತ್ತು. ನನಗೆ ಕೆಲಸ ಸಿಕ್ಕ ಹತ್ತಿ ಜಿನ್ನಿನ, ಅಂದರೆ ಹತ್ತಿಯ ಬೀಜ ಬಿಡಿಸುವ ಕಾರ್ಖಾನೆಯ, ಗೋಡೆಗೆ ಅಂಟಿಕೊಂಡ ಒಂದು ಗೂಡಿನಂಥ ಅಂಗಡಿಯಲ್ಲಿ, ರಸ್ತೆಗೆ ಬೆನ್ನು ಮಾಡಿ ಕೂತಿದ್ದ ಮನುಷ್ಯನೊಬ್ಬ ಯಾರಿಗೋ ಹೇಳುತ್ತಿದ್ದ:

"ಮೊದಲ ಅಂಗಾತ ಮಲಗಸ್ತಾರ. ಆಮ್ಯಾಲ ಬೋರಲ ಹಾಕ್ತಾರ. ಆಮ್ಯಾಲ ನಿಂದರಸ್ತಾರ, ತಲಿ ಕೆಳಗ ಮಾಡಿ ತೂಗ ಹಾಕ್ತಾರ. ಅಷ್ಟಕ್ಕ ಬಿಡಂಗಿಲ್ಲ. ಬರ್ಫದ ಬಾಜೂಕ ಇಡ್ತಾರ, ಅಲ್ಲಿಂದ ತಗದು ಒಲಿ ಬಾಜೂಕ ಇಡ್ತಾರ. ನಲವತ್ತೈದು ದಿನ. ಇಷ್ಟೆಲ್ಲಾ ಆದ ಮ್ಯಾಲೂ ಮೊದಲನೇ ದಿನ ಹೇಳಿದ್ದನ್ನ ಹೇಳಿದ್ರ ಖರೆ. ಮಾತ ಬದಲಾತು ಅಂದ್ರ ಸುಳ್ಳ."

"ಪಾಪ, ಅಷ್ಟೊಂದು ಯಾಕ?" ಅಂದ ಕೇಳುತ್ತಿದ್ದವನು.

"ಪಾಪ ಏನು ಬಂತು? ಸುಳ್ಳ ಹಿಡಿಬೇಕಂದ್ರ ಹಂಗ ಮಾಡಬೇಕು."

ನಾನು ಅಲ್ಲಿಂದಲೇ ಹಿಂದಕ್ಕೆ ತಿರುಗಿದೆ. ಎಂಟು ದಿನ ಜಿನ್ನಿನ ಮುಂಬಾಗಿಲು ಬಿಟ್ಟು ಹಿಂದಿನ ಹತ್ತಿಯ ಬಂಡಿಗಳ ಬಾಗಿಲಿನಿಂದ ಒಳಗೆ ಹೋದೆ. ಒಂಬತ್ತನೆಯ ದಿನ ಅವನ ಹೆಂಡತಿ ನಿಂಬೆವ್ವ ನೀರಿನ ಕೊಡ ಹೊತ್ತು ಎದುರಾದಳು. ಬಂಡಿಗಳ ಬಾಗಿಲಿನಿಂದ ಬರುವ ಕಾರಕೂನನನ್ನು ಕಂಡು ಯಾಕೆಂದು ಕೇಳಿದಳು. ಹೇಳಿದೆ. ಅವಳು ಕೊಡ ಇಳಿಸಿ ನಕ್ಕಳು.

"ಅದು ಕಿಸೆ ಗಡಿಯಾರದ ಪರೀಕ್ಷಾ, ತಮ್ಮಾ. ವಿಲಾಯತಿಯಾಗ ಹಂಗ ಮಾಡತಾರಂತ. ಅಂವ ಮನಶ್ಯಾರನ್ನ ಹಂಗ ಮಾಡಂಗಿಲ್ಲ. ಮಾಡೂ ಮನಸ್ಸದ, ಯಾರೂ ಕೈಯಾಗ ಸಿಗಂಗಿಲ್ಲ."

ಅಮೋಘಸಿದ್ದ ಅಫಜಲಪುರ ಕಡೆಯ ಮಣ್ಣೂರಿನವನು. ಭೀಮಾ ದಂಡೆಯ ಮೇಲೆ ಕುರಿ ಮೇಯಿಸುವ ಮನೆ. ಹನ್ನೆರಡು ವರ್ಷದವನಿದ್ದಾಗ ಅಪ್ಪನ ಜೊತೆ ಕಂಬಳಿ ಮಾರಲು ಸೊಲ್ಲಾಪುರಕ್ಕೆ ಹೋದವನು ಒಂದು ಗಡಿಯಾರದ ಅಂಗಡಿಯ ಮುಂದೆ ನಿಂತ; ಅಪ್ಪ ಕಂಬಳಿ ಮಾರಿ ಬಂದ ಮೇಲೂ ನಿಂತೇ ಇದ್ದ. ಅಂಗಡಿಯ ಮುದುಕನ ಹತ್ತಿರ ಇಂಗ್ಲಿಷ್ ಗಡಿಯಾರವೊಂದರ ಪರೀಕ್ಷೆಯ ಕಾಗದವಿತ್ತು. ಗಡಿಯಾರ ಎಂದೋ ಯಾರ ಕಿಸೆಗೋ ಹೋಗಿತ್ತು, ಕಾಗದ ಮಾತ್ರ ಉಳಿದಿತ್ತು. ಮಲಗಿಸಿದಾಗ ಇಷ್ಟು, ನಿಲ್ಲಿಸಿದಾಗ ಇಷ್ಟು, ತಂಪಿನಲ್ಲಿ ಇಷ್ಟು, ಬಿಸಿಯಲ್ಲಿ ಇಷ್ಟು ಎಂದು ಅಂಕಿಗಳ ಸಾಲು. ಮುದುಕ ಸತ್ತಾಗ ಉಳಿದ ಶಿಷ್ಯರು ಹತಾರಗಳನ್ನು ಹಂಚಿಕೊಂಡರಂತೆ. ಅಮೋಘಸಿದ್ದ ಆ ಕಾಗದ ತೆಗೆದುಕೊಂಡು ಆಳಂದಕ್ಕೆ ಬಂದ. ಇಂಗ್ಲಿಷಿನ ಒಂದಕ್ಷರ ಬರದವನು ಆ ಕಾಗದದ ಒಂದೊಂದು ಅಂಕಿಯನ್ನೂ ಕಣ್ಣು ಮುಚ್ಚಿ ಹೇಳುತ್ತಿದ್ದ. ಬೇರೆಯವರು ದೇವರ ಪಟ ಹಾಕುವ ಜಾಗದಲ್ಲಿ ಅದಕ್ಕೆ ಚೌಕಟ್ಟು ಕಟ್ಟಿಸಿ ಹಾಕಿದ್ದ.

ಊರಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಅವನಿಗೂ ಊರನ್ನು ಕಂಡರೆ ಆಗುತ್ತಿರಲಿಲ್ಲ, ಆದ್ದರಿಂದ ಆ ವಿಷಯದಲ್ಲಿ ಜಗಳವಿರಲಿಲ್ಲ. ರಿಪೇರಿಗೆಂದು ಗಡಿಯಾರ ಕೊಟ್ಟವನು ಆರು ದಿನ ಕಾಯಬೇಕು. ಎರಡು ದಿನದಲ್ಲಿ ಕೊಡು ಅಂದರೆ ಗಡಿಯಾರ ವಾಪಸು. ಶಾಲೆಯ ಮಾಸ್ತರರೊಬ್ಬರು ತಮ್ಮ ಗಡಿಯಾರ ಮುಂದೆ ಓಡುತ್ತದೆ ಎಂದು ತಂದಾಗ, ನಾಲ್ಕು ದಿನ ಇಟ್ಟುಕೊಂಡು ನೋಡಿ, "ಗಡಿಯಾರ ಬರೋಬರಿ ಅದ. ನೀವ ಹಿಂದ ಇದ್ದೀರಿ" ಎಂದು ನಾಲ್ಕು ಜನರ ಮುಂದೆ ಹೇಳಿ ಕಳಿಸಿದ್ದ. ಒಂದು ಲಗ್ನದಲ್ಲಿ ಎಲ್ಲರೂ ಅಕ್ಷತೆ ಹಿಡಿದು ನಿಂತಾಗ ಈತ ಹಿಂದಿನಿಂದ, "ಮುಹೂರ್ತ ಹೋಗಿ ನಾಕ ನಿಮಿಷ ಆತು, ಈಗ ಸಾವಕಾಶ ಹಾಕ್ರಿ" ಅಂದ. ಗಂಡಿನವರು ಅವನನ್ನು ಚಪ್ಪರದಿಂದ ಹೊರಗೆ ಹಾಕಿದರು. ಅಂದಿನಿಂದ ಆಳಂದದಲ್ಲಿ ಅವನನ್ನು ಲಗ್ನಕ್ಕೆ ಕರೆದವರಿಲ್ಲ.

ಇನ್ನು ನನ್ನ ಯೋಗ್ಯತೆ. ಹೆಸರು ಗೋವಿಂದ, ಊರು ಜೇವರ್ಗಿ. ಮಿಡಲ್ ಪರೀಕ್ಷೆ ಎರಡು ಸಲ ಕೊಟ್ಟು ಒಂದು ಸಲ ಪಾಸಾದವನು. ಎರಡನೆಯ ಮಹಾಯುದ್ಧ ಶುರುವಾದ ಮರುವರ್ಷ ದತ್ತಪ್ಪ ಸಾವಕಾರರ ಹತ್ತಿ ಜಿನ್ನಿನಲ್ಲಿ ಗಂಟೆಯ ಕಾರಕೂನನಾದೆ. ಬೆಳಿಗ್ಗೆ ಸಾವಕಾರರ ಮನೆಗೆ ಹೋಗಿ ಅವರ ಕಿಸೆ ಗಡಿಯಾರ ಇಸಿದುಕೊಳ್ಳುವುದು, ಆರಕ್ಕೆ ಸರಿಯಾಗಿ, ಊರಿಗೆಲ್ಲ ಕೇಳುವಂತೆ ಗಂಟೆ ಹೊಡೆಯುವ ತಾಲೂಕು ಕಚೇರಿಯ ಪಡಸಾಲೆಯ ಗೋಡೆ ಗಡಿಯಾರಕ್ಕೆ ತಾಳೆ ನೋಡಿ ರಿಜಿಸ್ಟರಿನಲ್ಲಿ 'ಸರಿ ಇದೆ' ಎಂದು ಬರೆಯುವುದು, ಆಮೇಲೆ ಜಿನ್ನಿನ ನನ್ನ ಕೋಣೆಯ ಮೊಳೆಗೆ ಅದನ್ನು ತೂಗುಹಾಕುವುದು, ಅದು ಏಳು ತೋರಿಸಿದಾಗ ಒಂದು ಗಂಟೆ, ಸಂಜೆ ಆರು ತೋರಿಸಿದಾಗ ಇನ್ನೊಂದು ಗಂಟೆ ಹೊಡೆಯುವುದು. ಗಡಿಯಾರ ಹಿಡಿದುಕೊಳ್ಳುವ ಕೆಲಸದಲ್ಲಿ ಮೊಳೆಗೂ ನನಗೂ ಇದ್ದ ವ್ಯತ್ಯಾಸವೆಂದರೆ ಮೊಳೆಗೆ ಪಗಾರವಿರಲಿಲ್ಲ.

ಆ ಗಡಿಯಾರ ಸಾವಕಾರರ ಪ್ರಾಣ. ಹೈದರಾಬಾದಿನ ಯಾವುದೋ ದೊಡ್ಡ ಮನೆಯ ಸಾಮಾನು ಹರಾಜಾದಾಗ ಹಿಡಿದದ್ದು. ಬೆಳ್ಳಿಯ ಡಬ್ಬಿ, ಚಾವಿ ಕೊಟ್ಟು ತಿರುಗಿಸುವ ಇಂಗ್ಲಿಷ್ ಗಡಿಯಾರ, ನೂರು ವರ್ಷದ ಹಳೆಯದು. ರಾತ್ರಿ ತಮ್ಮ ಕೈಯಿಂದಲೇ ಚಾವಿ ಕೊಟ್ಟು ತಲೆದಿಂಬಿನ ಪಕ್ಕ ಹಿತ್ತಾಳೆ ತಟ್ಟೆಯಲ್ಲಿ ಮಲಗಿಸುತ್ತಿದ್ದರು. ಬಂದವರಿಗೆಲ್ಲ ನನ್ನ ರಿಜಿಸ್ಟರು ತೋರಿಸುತ್ತಿದ್ದರು: "ಎರಡು ವರ್ಷದಾಗ ಒಂದು ಮುಂಜಾನಿ ತಪ್ಪಿಲ್ಲ." ಅದು ಖರೆ. ಬೆಳಿಗ್ಗೆ ಆರಕ್ಕೆ ಆ ಗಡಿಯಾರ ಕಚೇರಿಯದಕ್ಕೆ ಕೂದಲೆಳೆ ತಪ್ಪುತ್ತಿರಲಿಲ್ಲ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ಸಂಜೆ, ಜಿನ್ನಿನ ಕೆಲಸದ ಹೆಂಗಸು ಸಕ್ಕುಬಾಯಿ ನನ್ನ ಕಿಟಕಿಗೆ ಬಂದಳು. ಕೂದಲಿಗೆ, ಹುಬ್ಬಿಗೆ ಹತ್ತಿಯ ನೂಲು ಮೆತ್ತಿತ್ತು.

"ಕಾರಕೂನ್ರ, ಕಚೇರಿದು ಆರು ಹೊಡದ ಮ್ಯಾಲ ಎಷ್ಟೊತ್ತಿಗಿ ನೀವ ಗಂಟಿ ಹೊಡಿತೀರಿ?"

"ಎಷ್ಟೊತ್ತೂ ಇಲ್ಲ. ಆರಕ್ಕಂದ್ರ ಆರಕ್ಕ."

"ಹಂಗಾದ್ರ ನಮ್ಮ ಅತ್ತಿ ಯಾಕ ಬೈತಾಳ್ರಿ? ಆರು ಹೊಡಿತು, ನಾ ಒಲಿ ಹಚ್ಚಿ ಎಸರ ಕುದಿಸಿದೆ, ಆವಾಗ ಬಂದಿ. ಜಿನ್ನಿನಿಂದ ಮನಿಗಿ ನಾಕ ಹೆಜ್ಜಿ. ನಡುವ ಯಾರ ಜೋಡಿ ನಿಂತಿದ್ದಿ ಅಂತ ಕೇಳತಾಳ. ನನ್ನ ಗಂಡ ಮಾತ ಬಿಟ್ಟು ಎಂಟು ದಿನ ಆತು."

ಒಳಗೆ ಜಿನ್ನುಗಳು ತಿರುಗುವಾಗ ಪಕ್ಕದಲ್ಲಿ ಸಿಡಿಲು ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಕಚೇರಿಯ ಗಂಟೆ ಯಾರಿಗೆ ಕೇಳಬೇಕು? ನಾನು ಬುದ್ಧಿವಂತನ ಹಾಗೆ, "ನಿಮ್ಮ ಅತ್ತಿಗಿ ಗಡಿಯಾರ ನೋಡಾಕ ಬರ್ತದೇನು?" ಅಂದೆ.

"ಬರಂಗಿಲ್ಲರಿ. ಎಸರ ನೋಡಾಕ ಬರ್ತದ."

ಅವಳು ಅಲ್ಲಿಂದ ಅಮೋಘಸಿದ್ದನ ಅಂಗಡಿಗೆ ಹೋದಳು. ಅವನು ಮೊದಲು ಹೇಳಿದ್ದು, "ನನ್ನ ಮುಂದ ಅಳಬ್ಯಾಡ ಬೇ, ಕಣ್ಣೀರ ಬಿದ್ರ ಎಣ್ಣಿ ಕೆಡತದ." ಆಮೇಲೆ ಎಲ್ಲಾ ಕೇಳಿದ. ಮರುದಿನ ಮಧ್ಯಾಹ್ನ ಯಾರನ್ನೂ ಕೇಳದೆ ನನ್ನ ಕೋಣೆಗೆ ನುಗ್ಗಿ, ಗಡಿಯಾರ ತೂಗುವ ಮೊಳೆಯ ಪಕ್ಕದ ಗೋಡೆಗೆ ಅಂಗೈ ಒತ್ತಿ ಹಿಡಿದ. ಗೋಡೆಯ ಆ ಕಡೆ ಎಂಜಿನ್ನು. ರೊಟ್ಟಿಯ ಹಂಚಿನ ಹಾಗೆ ಕಾದಿತ್ತು.

"ರಾತ್ರಿ ಎಲ್ಲಿ ಇರ್ತದ ಇದು?"

"ಸಾವಕಾರ್ರ ಮನ್ಯಾಗ, ತಟ್ಟಿಯಾಗ ಅಂಗಾತ."

"ತಾಳಿ ಯಾವಾಗ ನೋಡ್ತಿ?"

"ದಿನಾ ಮುಂಜಾನಿ ಆರಕ್ಕರಿ. ಒಂದು ದಿನ ತಪ್ಪಿಲ್ಲ."

"ಸಂಜಿಕಿ?"

"ಸಂಜಿಕಿ ಯಾಕರಿ? ಮುಂಜಾನಿ ಸರಿ ಇರ್ತದಲ್ಲ."

ರಿಪೇರಿಗೆ ಲಾಯಕ್ಕಿಲ್ಲದ ಗಡಿಯಾರವನ್ನು ನೋಡುವ ಹಾಗೆ ನನ್ನನ್ನು ನೋಡಿದ. "ಹಗಲೆಲ್ಲಾ ತೂಗಾಡಕೋತ, ಕಾಯ್ಕೋತ ಹಿಂದ ಬೀಳತದ. ರಾತ್ರಿ ತಂಪಿನಾಗ ಅಂಗಾತ ಬಿದ್ದು ಮುಂದ ಓಡತದ. ಹಗಲ ಕದ್ದದ್ದು ರಾತ್ರಿ ತಂದ ಇಡತದ. ಮುಂಜಾನಿ ನಿನ್ನಂಥಾಂವ ಬಂದು ನೋಡಿ ಎಲ್ಲಾ ಸರಿ ಅದ ಅಂತ ಬರಿತಾನ. ಸಂಜಿಕಿ ನೋಡು, ಎಂಟರಿಂದ ಹತ್ತು ನಿಮಿಷ ಹಿಂದ ಇರತದ. ಆ ಹೆಂಗಸರು ಅಷ್ಟೊತ್ತು ದಿನಾ ಪುಗಸಟ್ಟಿ ದುಡಿಯಾಕತ್ತಾರ."

ಇಷ್ಟನ್ನು ಮೆಲ್ಲಗೆ ಹೇಳಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಅವನಿಗೆ ಮೆಲ್ಲಗೆ ಹೇಳುವುದು ಬರುತ್ತಿರಲಿಲ್ಲ. ಮಧ್ಯಾಹ್ನದ ರೊಟ್ಟಿಗೆ ಹೆಂಗಸರೆಲ್ಲ ಬೇವಿನ ಗಿಡದ ಕೆಳಗೆ ಕೂತಿದ್ದಾಗ, ಬಾಗಿಲಿನಲ್ಲಿ ಸಾವಕಾರರನ್ನು ತಡೆದು ನಿಲ್ಲಿಸಿ ಹೇಳಿದ: "ಸಾವಕಾರ್ರ, ನಿಮ್ಮ ಗಡಿಯಾರ ಸುಳ್ಳ ಹೇಳತದ."

ದತ್ತಪ್ಪ ಸಾವಕಾರರು ಮೋಸಗಾರರೆಂದು ನಾನು ಇಂದಿಗೂ ಹೇಳಲಾರೆ. ಆ ಒಂಬತ್ತು ನಿಮಿಷ ಅವರಿಗೂ ಗೊತ್ತಿರಲಿಲ್ಲ. ಆದರೆ ತಮ್ಮ ಗಡಿಯಾರಕ್ಕೆ ಹೆಂಗಸರ ಮುಂದೆ ಬೈದದ್ದು ತಮ್ಮ ಅಪ್ಪನಿಗೆ ಬೈದಂತಾಯಿತು.

"ಲೇ ಸಿದ್ದ, ನೀ ಕೂತ ಜಾಗ ಯಾರದು?"

"ನಿಮ್ಮದ."

"ಗೊತ್ತದಲ್ಲ. ಏಳು ದಿನ ಪರೀಕ್ಷಾ ಮಾಡು. ಮುಂಜಾನಿ ಸಂಜಿ ಎರಡೂ ಹೊತ್ತು ಕಾರಕೂನ ಕಚೇರ್ಯಾಗ ತಾಳಿ ನೋಡಿ ಬರಿತಾನ. ಏಳನೇ ದಿನ ಸಂಜಿಕಿ ನಾಕ ಮಂದಿ ಮುಂದ ಗಡಿಯಾರನೂ ನೋಡೂನು, ರಿಜಿಸ್ಟ್ರೂ ಓದೂನು. ಒಂದು ನಿಮಿಷ ಹಿಂದ ಮುಂದ ಇದ್ರ ನಾಳಿಯಿಂದ ಕಚೇರಿ ಗಂಟಿಗೇ ನನ್ನ ಗಂಟಿ. ಬರೋಬರಿ ಇದ್ರ ಅಂಗಡಿ ಖಾಲಿ ಮಾಡಿ ಆಳಂದ ಬಿಡಬೇಕು. ಆತೇನು?"

"ಆತು," ಅಂದ ಅಮೋಘಸಿದ್ದ. ಆ ಗೂಡಿನ ಹಿಂದಿನ ಒಂದೂವರೆ ಕೋಣೆಯೇ ಅವನ ಮನೆ. ನಿಂಬೆವ್ವ ಅಲ್ಲಿಂದಲೇ, "ನನ್ನನ್ನ ಒಂದು ಮಾತ ಕೇಳಬೇಕಿತ್ತು" ಅಂದಳು. ಅವನು ತಿರುಗಿ ನೋಡಲಿಲ್ಲ.

ಮೊದಲನೆಯ ದಿನ ಸಂಜೆ ಗಂಟೆ ಹೊಡೆದು, ಗಡಿಯಾರ ಹಿಡಿದು ಕಚೇರಿಗೆ ಹೋದೆ. ನನ್ನ ಕೈಯಲ್ಲಿ ಆರು ಹತ್ತು. ಗೋಡೆಯ ಮೇಲೆ ಆರು ಹತ್ತೊಂಬತ್ತು. ಗೋಡೆ ಗಡಿಯಾರವೇ ಕೆಟ್ಟಿತೆಂದು ಅದರ ಕೆಳಗೆ ಕೂತ ಜವಾನನಿಗೆ ಹೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಎರಡು ವರ್ಷ ಬೆಳಬೆಳಿಗ್ಗೆ ಎದ್ದು ಹೋಗಿ ನಾನು ಸಾಕ್ಷಿ ಹೇಳಿದ್ದು ಒಬ್ಬ ಕಳ್ಳನ ಪರವಾಗಿ ಎಂದು ತಿಳಿದಾಗ ಗಡಿಯಾರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಅದು ನಾಚಿಕೆಗೆ ಎಂದು ಬರೆಯಬಹುದು. ಭಯಕ್ಕೆ.

ಸಾವಕಾರರು ಕೇಳಿ, ಗಡಿಯಾರವನ್ನು ಕಿವಿಗೆ ಹಿಡಿದರು. "ದಾರ್ಯಾಗ ಅಲುಗಾಡಿಸಿ ತಂದೀದಿ," ಅಂದರು.

"ಇಲ್ಲರಿ, ಎದಿಗಿ ಹಚ್ಚಿ ಹಿಡಕೊಂಡು..."

"ನಿನಗ ಪಗಾರ ಯಾರು ಕೊಡತಾರ? ಕಚೇರಿ ಗಡಿಯಾರ ಕೊಡತದೇನು?"

ನಾನು ರಿಜಿಸ್ಟರಿನಲ್ಲಿ ಬರೆದೆ. ಸರಿ ಇದೆ. ನಾಲ್ಕೇ ಅಕ್ಷರ, ಕೈಗೆ ರೂಢಿಯಾಗಿತ್ತು. ಎಲ್ಲೂ ತಡೆಯಲಿಲ್ಲ.

ಎರಡನೆಯ ದಿನ ಸಾವಕಾರರು ಗಡಿಯಾರವನ್ನು ಮೊಳೆಗೆ ಹಾಕಬೇಡ, ನನ್ನ ಮೇಜಿನ ಮೇಲೆ ಅಂಗಾತ ಇಡು ಅಂದರು. ಇಟ್ಟೆ. ಅದು ಅಂಗಾತ ಬಿದ್ದದ್ದೇ ತಡ, ರಾತ್ರಿಯೆಂದು ತಿಳಿದು ಮುಂದಕ್ಕೆ ಓಡಿತು. ಸಂಜೆಯ ಗಂಟೆ ನಾಲ್ಕು ನಿಮಿಷ ಮೊದಲೇ ಹೊಡೆಯಿತು. ಹೆಂಗಸರು ಬಾಗಿಲು ದಾಟಿ ಅರ್ಧ ದಾರಿ ಹೋದ ಮೇಲೆ ಕಚೇರಿಯ ಗಂಟೆ ಕೇಳಿಸಿತಂತೆ. ಒಬ್ಬಳು ಅಲ್ಲಿಯೇ ನಿಂತು ಕುಣಿದಳಂತೆ. ಸಾವಕಾರರಿಗೆ ಹಿಂದಿನ ದಿನ ಹೆಂಗಸರು ಕಳೆದುಕೊಂಡ ಒಂಬತ್ತು ನಿಮಿಷಕ್ಕಿಂತ ಇಂದು ತಾವು ಕಳೆದುಕೊಂಡ ನಾಲ್ಕು ನಿಮಿಷ ಬಹಳ ದೊಡ್ಡದಾಗಿ ಕಂಡಿತು. ಅಂದೂ ಸರಿ ಇದೆ ಎಂದೇ ಬರೆಸಿದರು.

ಆದರೆ ಏಳನೆಯ ದಿನ ರಿಜಿಸ್ಟರಿನ ಜೊತೆ ಗಡಿಯಾರವನ್ನೂ ತೋರಿಸಬೇಕಿತ್ತು. ಮೂರನೆಯ ದಿನ ಬೆಳಿಗ್ಗೆ ಸಾವಕಾರರು ನನ್ನನ್ನು ಕರೆದುಕೊಂಡು ಅಮೋಘಸಿದ್ದನ ಅಂಗಡಿಗೇ ಹೋಗಿ ಗಡಿಯಾರವನ್ನು ಅವನ ಮುಂದೆ ಇಟ್ಟರು.

"ಎಣ್ಣಿ ಹಾಕಿ ಸ್ವಚ್ಛ ಮಾಡು. ಏನರೆ ಕೆಟ್ಟಿದ್ರ ತಗದು ಸರಿ ಮಾಡು."

"ಪರೀಕ್ಷಾ ನಡದದ."

"ಪರೀಕ್ಷಾದಾಗ ರಿಪೇರಿ ಮಾಡಬಾರದು ಅಂತ ನೀ ಹೇಳಿದ್ದಿಲ್ಲ, ನಾನೂ ಹೇಳಿದ್ದಿಲ್ಲ. ನೀ ರಿಪೇರಿ ಅಂಗಡಿ ಇಟ್ಟೀದಿ, ನಾ ಗಿರಾಕಿ ಬಂದೀನಿ. ಕೆಲಸ ಬರತದೋ, ಬರೇ ಬಾಯಿ ಬರತದೋ?"

ರಸ್ತೆಯಲ್ಲಿ ನಿಂತಿದ್ದ ನಾಲ್ಕು ಜನ ನಕ್ಕರು. ಅವರಲ್ಲಿ ಆ ಮಾಸ್ತರರೂ ಇದ್ದರು. ಅಮೋಘಸಿದ್ದ ಅವರ ಕಡೆ ನೋಡದೆ ನನ್ನನ್ನು ಕೇಳಿದ: "ಮೊದಲನೇ ಸಂಜಿ ಎಷ್ಟಿತ್ತು?"

ನಾನು ಸಾವಕಾರರ ಮುಖ ನೋಡಿದೆ. ಅವರು ಬೇವಿನ ಗಿಡ ನೋಡುತ್ತಿದ್ದರು.

"ಸರಿ ಇತ್ತರಿ."

"ಬರದೀದೇನು?"

"ಬರದೀನ್ರಿ."

ಅವನು ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡ. ಆ ಕ್ಷಣಕ್ಕೇ ಅವನಿಗೆ ಎಲ್ಲಾ ತಿಳಿಯಿತೆಂದು ನಾನು ಬಲ್ಲೆ. ಗಡಿಯಾರ ಕೆಟ್ಟೇ ಇದ್ದರೆ ಅವನ ಅಂಗಡಿ ಉಳಿಯುತ್ತಿತ್ತು, ನೆಟ್ಟಗಾದರೆ ಹೋಗುತ್ತಿತ್ತು, ನೆಟ್ಟಗೆ ಮಾಡಬೇಕಾದವನು ಅವನೇ.

ಬಿಡಿಭಾಗ ಬದಲಿಸಿ ಮೋಸ ಮಾಡಬಾರದೆಂದು ಸಾವಕಾರರು ನನ್ನನ್ನು ಅಲ್ಲೇ ಕಾವಲಿಗೆ ಕೂಡಿಸಿದರು. ಆ ದಿನಗಳಲ್ಲಿ ಗಂಟೆಗೆ ಬೇರೆ ಉಪಾಯ: ಕಚೇರಿಯ ತಿರುವಿನಲ್ಲಿ ಒಬ್ಬ ಹಮಾಲ ನಿಂತು, ಅಲ್ಲಿ ಹೊಡೆದಾಗ ರುಮಾಲು ಬೀಸಬೇಕು, ಇಲ್ಲಿ ಕಾವಲುಗಾರ ಗಂಟೆ ಬಾರಿಸಬೇಕು. ಯಾರಿಗೂ ಪರೀಕ್ಷೆ ಬೇಕಾಗಿರಲೇ ಇಲ್ಲ, ಒಂದು ರುಮಾಲು ಸಾಕಿತ್ತು. ಆ ಮಾತನ್ನು ಹೇಳುವ ಧೈರ್ಯವೂ ನನಗೆ ಆಗಲಿಲ್ಲ.

"ಅಲ್ಲಿ ಕೂಡು. ಉಸಿರು ಈ ಕಡೆ ಬಿಡಬ್ಯಾಡ," ಅಂದ ಅಮೋಘಸಿದ್ದ.

ಹಿಂದಿನ ಮುಚ್ಚಳ ತೆಗೆದರೆ ಒಳಗೆ ಇನ್ನೊಂದು ಹಿತ್ತಾಳೆಯ ಟೊಪ್ಪಿಗೆ, ದೂಳು ಹೋಗದಂತೆ. ಅದನ್ನು ಜಾರಿಸಿದ ಮೇಲೆ ಚಿನ್ನದ ನೀರು ಕುಡಿಸಿದ ತಗಡು, ಅದರ ಮೇಲೆ ಬಳ್ಳಿ ಕೆತ್ತಿದ ಒಂದು ಸಣ್ಣ ರೆಕ್ಕೆ, ರೆಕ್ಕೆಯ ನಡುವೆ ನೀರಿನ ಹನಿಯಂಥ ಕಲ್ಲು. ಕೆಳಗೆ ಬುಗುರಿಯ ಆಕಾರದ ಒಂದು ಗಾಲಿ. ಅದಕ್ಕೆ ಕುದುರೆ ಬಾಲದ ಕೂದಲಿಗಿಂತ ತುಸು ದಪ್ಪದ ಸರಪಳಿ ಸುತ್ತಿತ್ತು, ಸೈಕಲ್ಲಿನ ಸರಪಳಿಯ ಹಾಗೆಯೇ ಕೊಂಡಿಗೆ ಕೊಂಡಿ. ಸ್ಪ್ರಿಂಗು ಚಾವಿ ಕೊಟ್ಟ ಹೊಸದರಲ್ಲಿ ಜೋರಾಗಿ ಎಳೆಯುತ್ತದೆ, ಬರಬರುತ್ತ ಸೋಲುತ್ತದೆ. ಆಗ ಸರಪಳಿ ಬುಗುರಿಯ ದಪ್ಪ ಭಾಗಕ್ಕೆ ಬಂದು ಆ ಸೋಲನ್ನು ಸರಿದೂಗಿಸುತ್ತದೆ. ಇದನ್ನೆಲ್ಲ ಅವನು ನನಗೆ ಹೇಳಲಿಲ್ಲ. ನಿಂಬೆವ್ವ ಹೇಳಿದಳು, ಇಪ್ಪತ್ತು ವರ್ಷ ಅವನ ಜೊತೆ ಬಾಳಿ ಅವಳಿಗೆ ಬುಗುರಿಯ ವಿದ್ಯೆ ಪೂರ್ತಿ ಬಂದಿತ್ತು. ನಾನು ಉತ್ಸಾಹದಿಂದ ಚಾವಿ ಎತ್ತಿಕೊಂಡು ಬಲಕ್ಕೆ ತಿರುಗಿಸಲು ಹೋದಾಗ ಅವನು ಚಿಮಟಿಗೆಯಿಂದ ನನ್ನ ಬೆರಳಿಗೆ ಹೊಡೆದ.

"ಎಡಕ್ಕ. ಇದು ಎಡಕ್ಕ ತಿರಗತದ. ನೀ ಬಲಕ್ಕ ಜಗ್ಗಿದ್ರ ಒಳಗ ಹಲ್ಲ ಮುರಿತದ."

ರೋಗ ಸಿಕ್ಕಿತು. ಮೇಲೆ ಸದಾ ಅತ್ತಿತ್ತ ತಿರುಗುವ ಚಕ್ರದ ಅಚ್ಚು, ಅವನ ಮಾತಿನಲ್ಲಿ ದಿಂಡು, ಎರಡೂ ತುದಿಗೆ ಸವೆದಿತ್ತು. ಅಂಗಾತ ಮಲಗಿದಾಗ ಒಂದೇ ತುದಿಯ ಮೇಲೆ ಹಗುರವಾಗಿ ತಿರುಗುತ್ತಿತ್ತು, ತೂಗುಹಾಕಿದಾಗ ಎರಡೂ ಕಡೆ ಉಜ್ಜಿ ಸೋಲುತ್ತಿತ್ತು. ಯುದ್ಧದ ಕಾಲ, ಮುಂಬಯಿಯಿಂದ ವಿಲಾಯತಿ ಸಾಮಾನು ಬರುವ ಮಾತಿರಲಿಲ್ಲ. ದಪ್ಪ ಸೂಜಿಯೊಂದನ್ನು ಮೆತ್ತಗಾಗುವಷ್ಟು ಕಾಯಿಸಿ, ಕುದುರೆಯ ಕೂದಲು ಬಿಗಿದ ಸಣ್ಣ ಬಿಲ್ಲಿನಿಂದ ತಿರುಗಿಸುತ್ತ ಹೊಸ ದಿಂಡು ಕೊರೆಯಲು ಕೂತ. ಒಂದನ್ನು ಮುರಿದ. ಎರಡನೆಯದನ್ನು ಮಸೂರದಲ್ಲಿ ನೋಡಿ ತಾನೇ ಬಿಸಾಡಿದ.

ನಿಂಬೆವ್ವ ರೊಟ್ಟಿ ಬಡಿಯುವುದು ನಿಲ್ಲಿಸಿ, ನಾನೊಬ್ಬ ಕೂತಿದ್ದೇನೆಂಬುದನ್ನು ಲೆಕ್ಕಿಸದೆ ಹೇಳಿದಳು: "ಹಂಗ ಮುಚ್ಚಿ ಕೊಟ್ಟಬಿಡು. ನಾಕ ದಿನ ಸುಳ್ಳ ಹೇಳಲಿ. ಮನಿ ಉಳಿತದ."

"ನೀ ರೊಟ್ಟಿ ಬಡಿ."

"ಎಲ್ಲಿ ಬಡೀಲಿ? ಮುಂದಿನ ವಾರ ಯಾವ ಒಲಿ ಮುಂದ ಕೂಡಲಿ?"

ಅವನು ಬಿಲ್ಲು ಎಳೆಯುತ್ತಲೇ ಇದ್ದ. ಅವಳು ರೊಟ್ಟಿಯನ್ನು ಹಂಚಿಗೆ ಎಸೆದ ರೀತಿಗೆ ನನಗೇ ಪೆಟ್ಟು ಬಿದ್ದಂತಾಯಿತು.

ಮೂರನೆಯ ದಿಂಡು ಕೂತಿತು. ಆಮೇಲೆ ಪರೀಕ್ಷೆ. ಮಂಜುಗಡ್ಡೆಯ ಬರ್ಫ ಆಳಂದದಲ್ಲಿ ಎಲ್ಲಿ? ಒದ್ದೆ ಬಟ್ಟೆ ಸುತ್ತಿದ ಹೊಸ ಮಡಕೆಯೊಳಗೆ ಗಡಿಯಾರ ಇಳಿಬಿಟ್ಟ. ಆಮೇಲೆ ನಿಂಬೆವ್ವನ ಒಲೆಯಿಂದ ಒಂದು ಗೇಣು ದೂರ ಇಟ್ಟ. ಅಂಗಾತ, ಬೋರಲು, ನಿಂತು, ತೂಗಿ. ಪ್ರತಿ ಸಲವೂ ತನ್ನ ಗೋಡೆ ಗಡಿಯಾರಕ್ಕೆ ತಾಳೆ ನೋಡಿ ಸೀಮೆಸುಣ್ಣದಿಂದ ಹಲಗೆಯ ಮೇಲೆ ಅಂಕಿ ಹಾಕಿದ. ಇಂಗ್ಲಿಷ್ ಕಾಗದದ ಕೆಳಗೆ ಆ ಹಲಗೆ. ಬಿಸಿಯಲ್ಲಿ ಇನ್ನೂ ತುಸು ಹಿಂದೆ ಬೀಳುತ್ತಿತ್ತು. ಅದು ಅದರ ಹುಟ್ಟುಗುಣ, ತೆಗೆಯಲಾಗದು ಎಂದು ಗೊಣಗಿದ. ಆರನೆಯ ದಿನ ಬೆಳಿಗ್ಗೆ ಗಡಿಯಾರವನ್ನು ನನ್ನ ಕೈಗೆ ಕೊಟ್ಟು, "ಆ ಸುಡೂ ಗ್ವಾಡಿ ಬಿಟ್ಟು ಈ ಕಡಿ ಗ್ವಾಡಿಗಿ ಹಾಕು" ಅಂದ. ಸೋಲುವ ಮನುಷ್ಯ ಎದುರಿನವನಿಗೆ ಮೊಳೆ ಎಲ್ಲಿ ಹೊಡೆಯಬೇಕೆಂದೂ ಹೇಳಿಕೊಡುವುದನ್ನು ನಾನು ಅದೇ ಮೊದಲು ನೋಡಿದ್ದು.

ಏಳನೆಯ ದಿನ ಸಂಜೆ ಕಚೇರಿಯ ಪಡಸಾಲೆಯಲ್ಲಿ ನಾಲ್ಕು ಜನವಲ್ಲ, ನಲವತ್ತು ಜನ. ಅಮೋಘಸಿದ್ದ ಊರು ಬಿಡುವುದನ್ನು ನೋಡಲು ಲಗ್ನದ ಗಂಡಿನವರೂ ಬಂದಿದ್ದರು. ಹೆಂಗಸರು ಮೆಟ್ಟಿಲ ಕೆಳಗೆ. ಸಾವಕಾರರು ಗಡಿಯಾರವನ್ನು ಗೋಡೆ ಗಡಿಯಾರದ ಪಕ್ಕ ಎತ್ತಿ ಹಿಡಿದರು. ಆರು ಇಪ್ಪತ್ತು. ಆರು ಇಪ್ಪತ್ತು. ಕಾಲು ನಿಮಿಷದ ಅಂತರವೂ ಇರಲಿಲ್ಲ.

"ರಿಜಿಸ್ಟ್ರ ಓದು," ಅಂದರು.

ಓದಿದೆ. ಮೊದಲನೆಯ ದಿನ ಬೆಳಿಗ್ಗೆ, ಸರಿ ಇದೆ. ಸಂಜೆ...

"ಕಾರಕೂನ್ರ," ಕೆಳಗಿನಿಂದ ಸಕ್ಕುಬಾಯಿ. "ಅವತ್ತ ಮನಿಗಿ ಹೋದಾಗೂ ನಮ್ಮ ಅತ್ತಿ ಎಸರ ಕುದಿಸಿದ್ಲು. ನೋಡಿ ಓದ್ರಿ."

"ಸರಿ ಇದೆ," ಎಂದು ಓದಿದೆ. ಅವಳು ಸೆರಗಿನಿಂದ ಹುಬ್ಬಿನ ಹತ್ತಿ ಒರೆಸಿಕೊಂಡಳು. ರಿಪೇರಿಯ ದಿನಗಳನ್ನು ಬಿಟ್ಟು ಉಳಿದವನ್ನು ನಾನು ಬೇಗ ಬೇಗ ಓದಿ ಮುಗಿಸಿದೆ.

ಸಾವಕಾರರು ಗೆದ್ದಿದ್ದರು, ಗೆದ್ದವರಿಗೆ ಬರುವ ಔದಾರ್ಯ ಅವರಿಗೂ ಬಂತು. "ಸಿದ್ದ, ನಿನ್ನ ಹೊರಗ ಹಾಕಿ ನನಗೇನು ಬರತದ? ನಾಕ ಮಂದಿ ಮುಂದ ಒಂದು ಮಾತ ಹೇಳು. ಗಡಿಯಾರ ಮೊದಲಿಂದ ಬರೋಬರಿ ಇತ್ತು, ನಾ ತಪ್ಪ ಹೇಳಿದೆ ಅನ್ನು. ಅಂಗಡ್ಯಾಗ ಆರಾಮ ಇರು."

ನಿಂಬೆವ್ವ ಗಂಡನ ಅಂಗಿಯ ತುದಿ ಹಿಡಿದಿದ್ದಳು. ಅವನು ಬಿಡಿಸಿಕೊಂಡ.

"ನಿನ್ನಿಯಿಂದ ಬರೋಬರಿ ಅದ. ಅದರ ಮೊದಲ ಸುಳ್ಳಿತ್ತು."

"ರಿಜಿಸ್ಟ್ರಿನಾಗ ಸರಿ ಇದೆ ಅಂತ ಅದ."

"ರಿಜಿಸ್ಟ್ರೂ ಸುಳ್ಳ."

"ನಾಳಿ ಸಂಜಿಯೊಳಗ ಜಾಗಾ ಖಾಲಿ ಮಾಡು."

ಗಂಡಿನವರಲ್ಲಿ ಒಬ್ಬ, "ಸಾವಕಾಶ ಹೋಗು, ಮುಹೂರ್ತ ಏನೂ ಇಲ್ಲ" ಅಂದ. ಜನ ನಕ್ಕು ಚದುರಿದರು. ಮರುದಿನ ಒಂದು ಬಾಡಿಗೆ ಬಂಡಿಯಲ್ಲಿ ಹಲಗೆ, ಮಡಕೆ, ಬಿಲ್ಲು, ಚೌಕಟ್ಟಿನ ಕಾಗದ ಎಲ್ಲಾ ಅಫಜಲಪುರದ ದಾರಿ ಹಿಡಿದವು. ಸಕ್ಕುಬಾಯಿ ಒಂದು ಗಂಟು ಜೋಳದ ಹಿಟ್ಟು ತಂದು ಬಂಡಿಯಲ್ಲಿಟ್ಟಳು. "ನಿನ್ನ ಸಲುವಾಗಿ ಮಾಡಿಲ್ಲ, ತಗೊಂಡ ಹೋಗು" ಎಂದು ಅವನು ಬೈದ. ಬಂಡಿ ಹೊರಟ ಮೇಲೆ ನಿಂಬೆವ್ವ ಕೈ ಚಾಚಿ ಇಸಿದುಕೊಂಡಳು.

ಅಂದಿನಿಂದ ಜಿನ್ನಿನ ಸಂಜೆಯ ಗಂಟೆ ಕಚೇರಿಯ ಗಂಟೆಯ ಜೊತೆಗೇ ಬಡಿಯುತ್ತದೆ. ಸಕ್ಕುಬಾಯಿಯ ಅತ್ತೆ ಬೈಯಲು ಬೇರೆ ಕಾರಣ ಹುಡುಕಿಕೊಂಡಿದ್ದಾಳೆ. ನನ್ನ ಕೆಲಸ ಉಳಿಯಿತು. ಈಗ ಎರಡೂ ಹೊತ್ತು 'ಸರಿ ಇದೆ' ಎಂದು ಬರೆಯುತ್ತೇನೆ. ಎರಡೂ ಹೊತ್ತು ಅದು ಖರೆ. ಅದರಲ್ಲಿ ನನ್ನ ಪಾಲೇನೂ ಇಲ್ಲ.

ಹೋದ ವರ್ಷ ಸಾವಕಾರರು ಆ ಗಡಿಯಾರಕ್ಕೆ ಎಣ್ಣೆ ಹಾಕಿಸಬೇಕೆಂದರು. ಗುಲಬರ್ಗಾದ ರಿಪೇರಿಯವರು ಒಳಗಿನ ಸರಪಳಿ ನೋಡಿ ಮುಚ್ಚಳ ಮುಚ್ಚಿ ವಾಪಸು ಕೊಟ್ಟಿದ್ದರು. ಸಾವಕಾರರು ಎರಡು ದಿನ ಬಿಟ್ಟು, ನನ್ನ ಮುಖ ನೋಡದೆ, "ಅಫಜಲಪುರಕ್ಕ ಹೋಗಿ ಬಾ" ಅಂದರು.

ಅಲ್ಲಿ ಬಜಾರಿನ ತುದಿಯಲ್ಲಿ ಅವನ ಹೊಸ ಗೂಡು. ಪಕ್ಕದ ಬಟ್ಟೆ ಅಂಗಡಿಯವನನ್ನು ದಾರಿ ಕೇಳಿದರೆ, "ಆ ಹಲ್ಕಟ್ ಮನಶ್ಯಾನ ಕಡಿ ನಿಮಗೇನು ಕೆಲಸ?" ಅಂದ. ಸರಿಯಾದ ಜಾಗಕ್ಕೇ ಬಂದೆನೆಂದು ತಿಳಿಯಿತು. ಅಮೋಘಸಿದ್ದ ಗಡಿಯಾರವನ್ನು ಗುರುತಿಸಿದ, ನನ್ನನ್ನು ಗುರುತಿಸಿದಂತೆ ತೋರಿಸಲಿಲ್ಲ. ಮುಚ್ಚಳ ತೆಗೆದು ದಿಂಡನ್ನು ಬಹಳ ಹೊತ್ತು ನೋಡಿದ. ಆರು ದಿನ ಅಂದ. ನಾನು ಆರು ದಿನ ಛತ್ರದಲ್ಲಿ ಬಿದ್ದುಕೊಂಡೆ. ನಿಂಬೆವ್ವ ಒಂದು ದಿನ ಊಟಕ್ಕೆ ಕರೆದಳು, ಅವನು ಕರೆಯಲಿಲ್ಲ.

ಏಳನೆಯ ದಿನ ಗಡಿಯಾರ ಕೈಗೆ ಬಂದಾಗ, ಮೂರು ವರ್ಷ ನನ್ನ ಗಂಟಲಲ್ಲಿದ್ದ ಮಾತು ಹೊರಬಿತ್ತು. ಕೇಳಬಾರದವನು ನಾನೇ ಎಂದು ಗೊತ್ತಿದ್ದೂ ಕೇಳಿದೆ.

"ಕಾಕಾ, ಅವತ್ತ ಆ ದಿಂಡ ಒಂದೀಟು ಕೆಡಿಸಿ ಕೊಟ್ಟಿದ್ರ ನೀವ ಗೆಲ್ತಿದ್ರಿ. ಮನಿ ಉಳಿತಿತ್ತು. ಯಾಕ ಕೆಡಿಸಲಿಲ್ಲರಿ?"

ಅವನು ಮಸೂರ ತೆಗೆಯದೆ ತಲೆ ಎತ್ತಿದ. ಮಸೂರದ ಹಿಂದಿನ ಆ ಕಣ್ಣು ಎತ್ತಿನ ಕಣ್ಣಿನಷ್ಟು ದೊಡ್ಡದಾಗಿ ಕಂಡಿತು.

"ನಿನ್ನಂಗ ನನಗೂ ಪಗಾರ ಕೊಡಾಂವ ಒಬ್ಬ ಇದ್ದಿದ್ರ ಕೆಡಸ್ತಿದ್ದೆ," ಅಂದ.